ಗಣಕದ ಪರದೆಯ ಮೇಲೆ ಕಿಟಕಿಗಳ ಹರವು

ಅಡಿಕೆ ಒಣಗಿಸುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ರಾಶಿ ಹಾಕಿದರೆ ಬಿಸಿಲು ಮೇಲಿನದಕ್ಕೆ ಮಾತ್ರ; ಅಂಗಳದಲ್ಲಿ ಹರಡಿದರೆ ಎಲ್ಲಕ್ಕೂ. ಗಣಕದ ಪರದೆಯಲ್ಲಿ ತೆರೆಯುವ ಕಿಟಕಿಗಳಿಗೂ ಈ ಮಾತು ಸಲ್ಲುತ್ತದೆ. ಸಾಧಾರಣವಾಗಿ ಅವು ಒಂದರ ಮೇಲೊಂದು ಬಿದ್ದು, ಕೆಳಗಿನದು ಮರೆಯಾಗುತ್ತದೆ. ಯಾವುದೂ ಯಾವುದನ್ನೂ ಮುಚ್ಚದಂತೆ ಪರದೆಯನ್ನು ಪಾಲುಮಾಡಿಕೊಡುವ ತಂತ್ರಾಂಶವೇ ಟೈಲಿಂಗ್ ವಿಂಡೋ ಮ್ಯಾನೇಜರ್.

ವಿಚಾರ ಹೊಸದಲ್ಲ. 1985ರ ಮೊದಲ ವಿಂಡೋಸಿನಲ್ಲಿ ಕಿಟಕಿಗಳು ಅಕ್ಕಪಕ್ಕದಲ್ಲಿಯೇ ಕೂರುತ್ತಿದ್ದವು. ಒಂದರ ಮೇಲೊಂದು ಏರುವ ಸ್ವಾತಂತ್ರ್ಯ ದೊರೆತದ್ದು 1987ರ ಎರಡನೆಯ ಆವೃತ್ತಿಯಲ್ಲಿ.

ಇದು ಯಾರಿಗೆ ಬೇಕು? ಮೂಡುಬಿದಿರೆಯಲ್ಲಿ ಓಲೆಗರಿಯ ಚಿತ್ರವನ್ನು ಎಡಕ್ಕಿಟ್ಟು ಪಾಠವನ್ನು ಬಲಕ್ಕೆ ಬರೆದುಕೊಳ್ಳುವ ವಿದ್ಯಾರ್ಥಿಗೆ, ಬಂಟ್ವಾಳದ ಬಿ. ಸಿ. ರೋಡಿನಲ್ಲಿ ಆರ್.ಟಿ.ಸಿ. ನೋಡುತ್ತ ಅರ್ಜಿ ಬೆರಳಚ್ಚು ಮಾಡುವವರಿಗೆ. ಬೆಳ್ತಂಗಡಿಯ ಹಳ್ಳಿಮನೆಯಲ್ಲಿ ಹಳೆಯ ಗಣಕವಿದ್ದವರಿಗೆ ಇನ್ನೊಂದು ಕಾರಣವೂ ಉಂಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳು ಅನೇಕ 11ಕ್ಕೆ ಒಗ್ಗುವುದಿಲ್ಲ. ಅಂಥವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಹಾಕಿ ನೋಡಬಹುದು. ಆದರೆ ಸ್ಮರಣೆಯನ್ನು ಹೆಚ್ಚು ನುಂಗುವುದು ಬ್ರೌಸರು; ಕಿಟಕಿ ಜೋಡಿಸುವವನು ಎಷ್ಟು ಹಗುರವಾದರೂ ಆ ಹಸಿವು ತಗ್ಗದು.

ಆಯ್ಕೆಗೆ ಬರೋಣ. ಪರದೆಯನ್ನು ಎಲ್ಲಿ ಸೀಳಬೇಕೆಂದು ತಾವೇ ಹೇಳಬಯಸುವವರಿಗೆ 2009ರಲ್ಲಿ ಹೊರಬಂದ ‘ಐ3’ ಒಪ್ಪುತ್ತದೆ. ಅದರ ಕಟ್ಟಳೆಗಳೆಲ್ಲ ಒಂದೇ ಸರಳ ಕಡತದಲ್ಲಿವೆ. ವೇಲ್ಯಾಂಡ್ ಬಳಸುವವರಿಗೆ ಅದೇ ಜಾಡಿನ ‘ಸ್ವೇ’ ಉಂಟು. ಜೋಡಣೆಯನ್ನು ಯಂತ್ರಕ್ಕೇ ಬಿಡುವವರಿಗೆ 2006ರ ‘ಡಿಡಬ್ಲ್ಯುಎಂ’: ಹೊಸ ಕಿಟಕಿಗೆ ದೊಡ್ಡ ಪಾಲು, ಉಳಿದವು ಬಲಗಡೆ ಸಾಲಾಗಿ. ಆದರೆ ಅದರಲ್ಲಿ ಸಣ್ಣ ಬದಲಾವಣೆಗೂ ಸಿ ಭಾಷೆಯ ಮೂಲವನ್ನು ತಿದ್ದಿ ಮತ್ತೆ ಕಟ್ಟಬೇಕು. ಮೌಸನ್ನು ಬಿಡಲಾರದವರು ವಿಂಡೋಸ್ ಕೀಲಿಯೊಡನೆ ಬಾಣದ ಕೀಲಿ ಒತ್ತಿ ಕಿಟಕಿಯನ್ನು ಅರ್ಧ ಪರದೆಗೆ ಕೂರಿಸಿಕೊಂಡರೆ ಸಾಕು.

ಕನ್ನಡಿಗರು ಮೊದಲೇ ನೋಡಬೇಕಾದುದು ಬರೆಯುವ ಅನುಕೂಲ. ಇಂಥ ಬರಿಯ ಏರ್ಪಾಟುಗಳಲ್ಲಿ ಭಾಷೆ ಬದಲಿಸುವ ಗುಂಡಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಐಬಸ್ಸನ್ನು ನಾವೇ ಚಾಲೂ ಮಾಡಬೇಕು. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸವೂ ಉಂಟು. ನಮ್ಮ ಜಿಲ್ಲೆಯವರೇ ಆದ ಕೆ. ಪಿ. ರಾಯರ ಕೀಲಿಮಣೆ ಪರಿಚಯವಿದ್ದವರಿಗೆ ಅದು ಕೈಗೆ ಹತ್ತುತ್ತದೆ. ನುಡಿ ತಂತ್ರಾಂಶವಂತೂ ವಿಂಡೋಸಿನದು. ಕಚೇರಿಯವರು ಅದನ್ನೇ ಕೇಳಿದರೆ ಹಳೆಯ ಏರ್ಪಾಟನ್ನು ಅಳಿಸಬೇಡಿ.

ಮನೆಯ ಗಣಕ ಹಲವರ ಸೊತ್ತು. ಲಿನಕ್ಸಿನಲ್ಲಿ ಹೊಸದನ್ನು ಹಳೆಯದರ ಜೊತೆಗೇ ಇರಿಸಿ, ಒಳಹೋಗುವಾಗ ಬೇಕಾದುದನ್ನು ಆರಿಸಿಕೊಳ್ಳಬಹುದು. ಹದಿನೈದು ದಿನ ನಿತ್ಯದ ಕೆಲಸವನ್ನೇ ಅದರಲ್ಲಿ ಮಾಡಿ. ಆಮೇಲೂ ಬೆರಳು ಕೀಲಿಗಾಗಿ ತಡಕಾಡುತ್ತಿದ್ದರೆ, ಹಳೆಯದಕ್ಕೆ ಮರಳುವುದರಲ್ಲಿ ಸಂಕೋಚ ಬೇಡ.