ನಾರಿನ ಲೆಕ್ಕ ಗ್ರಾಂನಲ್ಲಿ ಮುಗಿಯದು



ಧಾನ್ಯದ ನಾರು ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೇಗೆ ಬದಲಿಸುತ್ತದೆ ಎಂಬ ಒಂದೇ ವಿಷಯ ಹಿಡಿದು ಮಾತನಾಡುತ್ತೇನೆ.

ಉಗಾಂಡಾದಲ್ಲಿ ದುಡಿದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ನಾರಿನ ಕಡೆಗೆ ಜಗತ್ತಿನ ಗಮನ ಸೆಳೆದರು. ಮಲದ ಗಾತ್ರವೆಷ್ಟು, ಅದು ಕರುಳಿನಲ್ಲಿ ಎಷ್ಟು ಬೇಗ ಸಾಗುತ್ತದೆ ಎಂಬುದೇ ಆಗಿನ ಮುಖ್ಯ ಚರ್ಚೆ. ಬ್ಯಾಕ್ಟೀರಿಯಾಗಳ ಪಾತ್ರ ವಿವರವಾಗಿ ತಿಳಿದದ್ದು ಆಮೇಲೆ. ಧಾನ್ಯದ ನಾರನ್ನು ಒಡೆಯುವ ಕಿಣ್ವಗಳು ನಮ್ಮಲ್ಲಿಲ್ಲ. ಅದು ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಬರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಣಿ ಕೊಬ್ಬಿನಾಮ್ಲಗಳನ್ನು ಕೊಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ಮುಖ್ಯವಾಗಿ ಬ್ಯುಟಿರೇಟ್ ಉರಿಸಿಯೇ ಬದುಕುತ್ತವೆ.

ನಾರು ಎಂದು ಒಂದೇ ಹೆಸರಿಟ್ಟರೂ ವಸ್ತು ಒಂದೇ ಅಲ್ಲ. ಓಟ್ಸ್, ಬಾರ್ಲಿಗಳಲ್ಲಿ ಬೀಟಾ-ಗ್ಲೂಕಾನ್ ಎಂಬ ನಾರು ಹೆಚ್ಚು, ಗೋಧಿಯಲ್ಲಿ ಅರಾಬಿನೋಕ್ಸೈಲಾನ್ ಎಂಬ ನಾರು. ರಾಗಿಯ ಅರಾಬಿನೋಕ್ಸೈಲಾನ್ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೇ (ಸಿಎಫ್‌ಟಿಆರ್‌ಐ) ಒಳ್ಳೆಯ ಕೆಲಸ ನಡೆದಿದೆ. ಬೇಯಿಸಿ ಆರಿಸಿದ ಪಿಷ್ಟದ ಒಂದು ಪಾಲು ಜೀರ್ಣವಾಗದೆ ನಾರಿನಂತೆಯೇ ದೊಡ್ಡ ಕರುಳಿಗಿಳಿಯುತ್ತದೆ. ರುಮಿನೋಕಾಕಸ್ ಬ್ರೋಮೈ ಎಂಬ ಬ್ಯಾಕ್ಟೀರಿಯಾ ಅದನ್ನು ಒಡೆದರೆ, ಬಿಡುಗಡೆಯಾದದ್ದನ್ನು ಉಂಡು ಬೇರೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ.

ಇನ್ನು ಪ್ರಯೋಗಗಳು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ 2008ರ ಅಧ್ಯಯನವೊಂದು ದಿನಕ್ಕೆ 48 ಗ್ರಾಂ ಇಡೀ ಗೋಧಿಯ ತಿಂಡಿಯನ್ನು ಅಷ್ಟೇ ತೂಕದ ಗೋಧಿ ತೌಡಿನ ತಿಂಡಿಯೊಂದಿಗೆ ಹೋಲಿಸಿತು. ಬೈಫಿಡೊಬ್ಯಾಕ್ಟೀರಿಯಾಗಳು ಹೆಚ್ಚಿದ್ದು ಇಡೀ ಗೋಧಿ ತಿಂದಾಗ. ಧಾನ್ಯದಿಂದ ತೌಡನ್ನು ಬೇರ್ಪಡಿಸಿ ಮಾರುವವರು ಇದನ್ನು ಗಮನಿಸಬೇಕು.

ನನಗೆ ಅತಿ ಮುಖ್ಯವೆನಿಸುವುದು 2015ರ ಸ್ವೀಡನ್ ಅಧ್ಯಯನ. ಆರೋಗ್ಯವಂತರು ಮೂರು ದಿನ ಇಡೀ ಬಾರ್ಲಿ ಕಾಳಿನ ಬ್ರೆಡ್ ತಿಂದರು. ಕೆಲವರ ರಕ್ತದ ಸಕ್ಕರೆಯ ನಿಯಂತ್ರಣ ಸುಧಾರಿಸಿತು, ಕೆಲವರದು ಇದ್ದಂತೆಯೇ ಇತ್ತು. ಸುಧಾರಿಸಿದವರ ಕರುಳಿನಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿತ್ತು. ಅವರ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಾಣುರಹಿತ ಇಲಿಗಳಿಗೆ ಸೇರಿಸಿದಾಗ ಅವುಗಳಲ್ಲೂ ಅದೇ ಅನುಕೂಲ ಕಂಡಿತು. ಅಂದರೆ ತಟ್ಟೆಯಲ್ಲಿ ಏನಿದೆ ಎಂಬಷ್ಟೇ, ಉಣ್ಣುವವರ ಕರುಳಿನಲ್ಲಿ ಯಾರಿದ್ದಾರೆ ಎಂಬುದೂ ಫಲವನ್ನು ನಿರ್ಧರಿಸುತ್ತದೆ. ಧಾನ್ಯ, ಬೇಳೆಕಾಳು ಉಣ್ಣುವ ಭಾರತೀಯರಲ್ಲಿ ಪ್ರಿವೊಟೆಲ್ಲಾ ಹೇರಳ. ಹಾಗಾಗಿ ಪರದೇಶದ ಫಲಿತಾಂಶ ನಮಗೆ ಹಾಗೆಯೇ ಹೊಂದುತ್ತದೆಂದು ಹೇಳಲಾಗದು.

ಅತಿ ಭರವಸೆಯ ಮಾತುಗಳಿಗೂ ಲಗಾಮು ಬೇಕು. ಅಮೆರಿಕದಲ್ಲಿ 81 ಜನರ ಮೇಲೆ ಆರು ವಾರ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಡೀ ಧಾನ್ಯದಿಂದಾದ ಬದಲಾವಣೆಗಳು ಸಾಧಾರಣ. ಸ್ಟ್ಯಾನ್‌ಫೋರ್ಡ್‌ನ 2021ರ ಅಧ್ಯಯನದಲ್ಲಿ ಹೆಚ್ಚು ನಾರು ತಿಂದ ಗುಂಪಿನ ಬ್ಯಾಕ್ಟೀರಿಯಾ ವೈವಿಧ್ಯ ಒಟ್ಟಾರೆ ಏರಲೇ ಇಲ್ಲ. ಏರಿದ್ದು ಮೊಸರಿನಂಥ ಹುದುಗಿಸಿದ ಆಹಾರ ತಿಂದವರಲ್ಲಿ. ಇದನ್ನು ಜನರ ಮುಂದೆ ಮುಚ್ಚಿಡಬಾರದು.

2000 ಕಿಲೊಕ್ಯಾಲೊರಿಯ ಊಟದಲ್ಲಿ 30 ಗ್ರಾಂ ನಾರಿರಲಿ ಎನ್ನುತ್ತದೆ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10, ಪಾಲಿಷ್ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಈ ಅಂಕಿಗಳು ಬೇಕು, ಆದರೆ ಇವಷ್ಟೇ ಸಾಲವು.

ಆದ್ದರಿಂದ ಈ ಸಮ್ಮೇಳನದ ಗೋಷ್ಠಿಗಳಲ್ಲಿ ನನ್ನದೊಂದು ಬೇಡಿಕೆ. ಮಂಡ್ಯದ ಮುದ್ದೆ, ವಿಜಯಪುರದ ಜೋಳದ ರೊಟ್ಟಿಗಳನ್ನು ಆರೋಗ್ಯವಂತ ವಯಸ್ಕರಿಗೆ ಕೊಟ್ಟು ನೋಡುವ ಪ್ರಯೋಗದ ಕರಡು ಇಲ್ಲೇ ಸಿದ್ಧವಾಗಲಿ. ಹಿಟ್ಟು ಜರಡಿ ಹಿಡಿದದ್ದೋ ಹಾಗೆಯೇ ಬಳಸಿದ್ದೋ, ಮುದ್ದೆ ಬಿಸಿಯದೋ ತಂಗಳೋ, ಜೊತೆಗೆ ಮಜ್ಜಿಗೆ ಇತ್ತೇ ಎಂಬುದನ್ನೂ ದಾಖಲಿಸೋಣ. ಮೊದಲ ತುತ್ತಿಗೆ ಮುನ್ನವೇ ಪ್ರತಿಯೊಬ್ಬರ ಮಲದ ಮಾದರಿ ತೆಗೆದಿಡೋಣ. ಕೃಷಿ ವಿಶ್ವವಿದ್ಯಾಲಯಗಳವರೂ ವೈದ್ಯಕೀಯ ಕಾಲೇಜುಗಳವರೂ ಇಲ್ಲಿದ್ದೀರಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದೇ ಮೇಜಿಗೆ ಕೂತು ಈ ಕರಡು ಶುರುಮಾಡಿ ಎಂದು ಕೋರುತ್ತೇನೆ.