ಒಳಗೇ ಹೆಪ್ಪುಗಟ್ಟುವ ರಕ್ತ

ಬೆರಳು ಕೊಯ್ದುಕೊಂಡಾಗ ರಕ್ತ ತಾನಾಗಿಯೇ ಹೆಪ್ಪುಗಟ್ಟಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಗಾಯವೇ ಇಲ್ಲದೆ, ರಕ್ತನಾಳದ ಒಳಗೆ ಗರಣೆ ಕಟ್ಟಿದರೆ? ಹಾಗಾಗದಂತೆ ಕಾಯುವ ಪ್ರೋಟೀನುಗಳು ರಕ್ತದಲ್ಲಿಯೇ ಇವೆ: ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್. ಹೆಪ್ಪು ಹಾಕುವುದು ಸುಲಭ, ಹಾಲನ್ನು ಹಾಲಾಗಿಯೇ ಉಳಿಸುವುದು ಕಷ್ಟವೆಂಬುದನ್ನು ಗೃಹಿಣಿಯರು ಬಲ್ಲರು.

1965ರಲ್ಲಿ ನಾರ್ವೆಯ ವೈದ್ಯ ಓಲಾವ್ ಎಗೆಬರ್ಗ್ ಒಂದು ಮನೆತನವನ್ನು ಪರೀಕ್ಷಿಸಿದರು. ಆ ಮನೆಯ ಹಲವರಿಗೆ ಗರಣೆಯ ಕಾಟ. ಅವರ ರಕ್ತದಲ್ಲಿ ಆಂಟಿಥ್ರಾಂಬಿನ್ ಇರಬೇಕಾದುದರ ಸುಮಾರು ಅರ್ಧದಷ್ಟೇ ಇತ್ತು. ಉಳಿದೆರಡರ ಕೊರತೆ 1980ರ ದಶಕದಲ್ಲಿ ತಿಳಿದುಬಂದಿತು.

ತಂದೆತಾಯಿಯರಲ್ಲಿ ಒಬ್ಬರಿಗೆ ಕೊರತೆಯಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಬಂದವರೆಲ್ಲರೂ ರೋಗಿಗಳಾಗುವುದಿಲ್ಲ. ಶಸ್ತ್ರಚಿಕಿತ್ಸೆ, ಮೂಳೆ ಮುರಿದು ಬಹುದಿನ ಮಲಗುವುದು, ಬಸಿರು, ಬಾಣಂತನ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ, ಇಂಥದೊಂದು ನೆಪ ಸಾಕು. ಸಾಮಾನ್ಯವಾಗಿ ಒಂದೇ ಕಾಲು ಊದಿ ನೋಯತೊಡಗುತ್ತದೆ. ಬಾಣಂತಿಗೆ ಹೀಗಾದರೆ ಶೀತವೆಂದು ಎಣ್ಣೆ ತಿಕ್ಕುತ್ತ ಕೂರಬಾರದು. ಗರಣೆಯ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ಔಷಧದಲ್ಲಿಯೂ ಒಂದು ತೊಡಕುಂಟು. ಗರಣೆಗೆ ಕೊಡುವ ವಾರ್ಫರಿನ್ ಗುಳಿಗೆಯು ಮೊದಲ ದಿನಗಳಲ್ಲಿ ಪ್ರೋಟೀನ್ ಸಿಯನ್ನು ಬೇಗನೆ ತಗ್ಗಿಸುತ್ತದೆ. ಮೊದಲೇ ಕೊರತೆಯಿದ್ದವರಲ್ಲಿ ಚರ್ಮ ಕಪ್ಪಾಗಿ ಸತ್ತುಹೋಗಬಹುದು. ಆದ್ದರಿಂದಲೇ ವೈದ್ಯರು ಹೆಪಾರಿನ್ ಚುಚ್ಚುಮದ್ದನ್ನು ಮುಂದೆ ಮಾಡಿಕೊಂಡು ಅದನ್ನು ಆರಂಭಿಸುತ್ತಾರೆ. ಗರಣೆ ಕಟ್ಟಿದ ದಿನಗಳಲ್ಲಿಯೇ ಮಾಡಿದ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಕೊರತೆಯಿಲ್ಲದವರಲ್ಲಿಯೂ ಆಗ ಅಂಕೆ ಇಳಿದಿರಬಹುದು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಹೀಗಾಗಿದ್ದರೆ, ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಹೋಗುವ ಮುನ್ನವೇ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ.