ಕುರಿ ಈಯೋ ದಿನ ಗೊತ್ತು ಮಾಡೋದು ಯಾರು?

ಇವತ್ತಿನ ಸಂಚಿಕೆ ಗಬ್ಬದ ಕುರಿಗಳ ಬಗ್ಗೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಕೇಳ್ತಿರೋರೇ, ನಿಮ್ಮ ಮನೇಲಿ ನಾಲ್ಕು ಕುರಿ ಇದ್ದರೂ ಸಾಕು, ಈ ಮಾತು ನಿಮಗೇ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ಕುರಿಯ ಗಬ್ಬ ಸುಮಾರು 150 ದಿನ. ನಮ್ಮ ಜಿಲ್ಲೆಯ ಹೆಸರಾಂತ ತಳಿ ಬಂಡೂರು. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಆ ಹೆಸರು ಬಂದಿದ್ದು. ಅದು ಸಾಮಾನ್ಯವಾಗಿ ಸಲಕ್ಕೆ ಒಂದೇ ಮರಿ ಹಾಕುತ್ತೆ. ಐದು ತಿಂಗಳ ಮೇವು, ಕಾಯೋ ಶ್ರಮ ಎಲ್ಲ ನಿಂತಿರೋದು ಆ ಒಂದು ಮರಿ ಮೇಲೆ. ಕೊನೆ ತಿಂಗಳಲ್ಲಿ ಕುರಿ ಕಂದು ಹಾಕಿದರೆ ಖರ್ಚೆಲ್ಲ ಆಗಿರುತ್ತೆ, ಆದಾಯ ಮಾತ್ರ ಸೊನ್ನೆ.

ಈಗ ವಿಷಯಕ್ಕೆ ಬರೋಣ. ಮೂತ್ರಪಿಂಡದ ಮೇಲೆ ಅಡ್ರಿನಲ್ ಅನ್ನೋ ಪುಟ್ಟ ಗ್ರಂಥಿ ಇದೆ. ನಾಯಿ ಅಟ್ಟಿಸಿಕೊಂಡು ಬಂದಾಗ, ಗೂಡ್ಸ್ ಆಟೋದಲ್ಲಿ ಒತ್ತಿ ತುಂಬಿದಾಗ, ಬಿಸಿಲಲ್ಲಿ ನೀರಿಲ್ಲದೆ ನಡೆಸಿದಾಗ ಅದರಿಂದ ಕಾರ್ಟಿಸಾಲ್ ಎಂಬ ಹಾರ್ಮೋನ್ ರಕ್ತಕ್ಕೆ ಸೇರುತ್ತೆ. ಇದು ಒತ್ತಡದ ಹಾರ್ಮೋನ್. ತಾಯಿಯ ಕಾರ್ಟಿಸಾಲ್‌ನಲ್ಲಿ ಬಹುಪಾಲನ್ನು ಮಾಸು ತಡೆದು ನಿಷ್ಕ್ರಿಯ ಮಾಡುತ್ತೆ. ಆದರೂ ಸ್ವಲ್ಪ ಮರಿಗೆ ದಾಟುತ್ತೆ.

ಆಶ್ಚರ್ಯದ ಸಂಗತಿ ಏನಂದ್ರೆ, ಈಯೋ ದಿನ ಗೊತ್ತು ಮಾಡೋದು ತಾಯಿ ಅಲ್ಲ, ಹೊಟ್ಟೆಯೊಳಗಿನ ಮರಿ. ಕೊನೆಯ ಎರಡು-ಮೂರು ವಾರದಲ್ಲಿ ಮರಿಯ ಅಡ್ರಿನಲ್ ತಾನೇ ಕಾರ್ಟಿಸಾಲ್ ಹೆಚ್ಚಿಸುತ್ತಾ ಹೋಗುತ್ತೆ. ಅದರಿಂದ ಗಬ್ಬ ನಿಲ್ಲಿಸಿಕೊಂಡಿರೋ ಪ್ರೊಜೆಸ್ಟರಾನ್ ಇಳಿದು, ಈಸ್ಟ್ರೋಜನ್ ಏರಿ, ನೋವು ಶುರುವಾಗುತ್ತೆ. ಜೊತೆಗೆ ಮರಿಯ ಶ್ವಾಸಕೋಶ ಉಸಿರಾಟಕ್ಕೆ ತಯಾರಾಗುತ್ತೆ.

ಇದನ್ನು 1960ರ ದಶಕದಲ್ಲಿ ತೋರಿಸಿದವರು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಹೆರಿಗೆ ವೈದ್ಯರಾಗಿದ್ದ ಗ್ರಹಾಂ ಲಿಗಿನ್ಸ್. ಹೊಟ್ಟೆಯೊಳಗಿನ ಮರಿಗೆ ಈ ಜಾತಿಯ ಸ್ಟೀರಾಯ್ಡ್ ಕೊಟ್ಟಾಗ ಅದು ಅವಧಿಗೆ ಮುಂಚೆ ಹುಟ್ಟಿತು. ಬದುಕಲಾರದಷ್ಟು ಬೇಗ ಹುಟ್ಟಿದ ಮರಿಯ ಶ್ವಾಸಕೋಶದಲ್ಲೂ ಗಾಳಿ ತುಂಬಿತ್ತು. ಮುಂದೆ ಅವರು ಮಕ್ಕಳ ವೈದ್ಯ ರಾಸ್ ಹೋವಿ ಜೊತೆ 282 ತಾಯಂದಿರಲ್ಲಿ ಪ್ರಯೋಗ ಮಾಡಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವತ್ತು ದಿನ ತುಂಬುವ ಮೊದಲೇ ಹೆರಿಗೆ ಆಗೋ ಸೂಚನೆ ಇರೋ ಹೆಣ್ಣುಮಕ್ಕಳಿಗೆ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರಲ್ಲ, ಅದರ ಮೂಲ ಈ ಕುರಿಮರಿಗಳು. ಹೆದರಬೇಡಿ, ಮನುಷ್ಯರಲ್ಲಿ ಅದು ಹೆರಿಗೆ ಶುರು ಮಾಡಿಸಲ್ಲ, ಮಗುವಿನ ಉಸಿರಾಟಕ್ಕೆ ನೆರವಾಗುತ್ತೆ.

ಆದರೆ ಕುರಿಗೆ ಹಾಗಲ್ಲ. ಜ್ವರ ಅಂತಲೋ, ಕುಂಟ್ತಿದೆ ಅಂತಲೋ ಯಾರದೋ ಮಾತು ಕೇಳಿ ಅಂಗಡಿಯಿಂದ ಡೆಕ್ಸಾಮೆಥಾಸೋನ್ ತಂದು ಚುಚ್ಚಿಸಿದರೆ, ತಿಂಗಳು ತುಂಬುತ್ತಿರೋ ಕುರಿ ಎರಡು-ಮೂರು ದಿನದಲ್ಲಿ ಮರಿ ಹಾಕಿಬಿಡಬಹುದು. ನೀವು ಕೊಟ್ಟ ಔಷಧಿಯನ್ನು ಅದರ ಮೈ ‘ದಿನ ಬಂತು’ ಅನ್ನೋ ಸಂದೇಶ ಅಂತ ಓದಿಕೊಳ್ಳುತ್ತೆ. ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, “ಸಾರ್, ಇದು ಗಬ್ಬದ್ದು.”

ಮೇವಿನ ವಿಷಯಾನೂ ಇದಕ್ಕೇ ಸೇರಿದ್ದು. 2003ರಲ್ಲಿ ಆಕ್ಲೆಂಡ್‌ನವರೇ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಟಗರು ಬಿಡೋಕೆ ಎರಡು ತಿಂಗಳು ಮುಂಚಿನಿಂದ ಗಬ್ಬದ ಮೊದಲ ತಿಂಗಳವರೆಗೆ ಅರೆಹೊಟ್ಟೆ ಇದ್ದ ಕುರಿಗಳಲ್ಲಿ ಹಲವು, ಆಮೇಲೆ ಚೆನ್ನಾಗಿ ತಿಂದರೂ, ಬೇಗ ಈದವು. ಅವುಗಳ ಮರಿಗಳಲ್ಲಿ ಕಾರ್ಟಿಸಾಲ್ ಬೇಗ ಏರಿತ್ತು. ನಾಲೆ ಬಯಲಿನ ಶ್ರೀರಂಗಪಟ್ಟಣದಲ್ಲಿ ಭತ್ತ ಕೊಯ್ದ ಮೇಲೆ ಕೂಳೆ ಗದ್ದೆ ಸಿಗುತ್ತೆ. ನಾಗಮಂಗಲದ ಬೆದ್ದಲಲ್ಲಿ ಬೇಸಿಗೆಗೆ ಏನಿರುತ್ತೆ? ಅಲ್ಲಿ ಟಗರು ಬಿಡೋ ಮುಂಚೆಯೇ ಹುರುಳಿ ಹೊಟ್ಟು, ಹಿಂಡಿ ಕೂಡಿಟ್ಟುಕೊಳ್ಳಬೇಕು.

ಕೊನೆಯ ಆರು ವಾರ ಇನ್ನೂ ಮುಖ್ಯ. ಮರಿಯ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಆಗಲೇ ಬೆಳೆಯೋದು. ಆ ಹೊತ್ತಲ್ಲಿ ಸಂತೆಗೆ ಸಾಗಿಸಬೇಡಿ, ದೂರ ಮೇಯಿಸೋಕೆ ನಡೆಸಬೇಡಿ, ಏಕಾಏಕಿ ಮೇವು ಬದಲಿಸಬೇಡಿ. ಚಿರತೆ, ಬೀದಿನಾಯಿ ಕಾಟ ಇರೋ ಕಡೆ ರೊಪ್ಪ ಭದ್ರ ಮಾಡಿ. ನೆರಳು, ನೀರು ಕೊಡಿ. ಕುರಿ ಮಂಕಾಗಿ ಮೇವು ಬಿಟ್ಟರೆ ಕಾಯಬೇಡಿ, ಪಶು ಆಸ್ಪತ್ರೆಗೆ ಹೋಗಿ, ಇಲ್ಲಾಂದ್ರೆ 1962ಕ್ಕೆ ಫೋನ್ ಮಾಡಿ.

ನಿಮ್ಮೂರಲ್ಲಿ ಕುರಿ ಸಾಕೋರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.